ಕೋಣನ ಮುಂದ

ಮಗ್ಗದಿಂದ ಆಗಷ್ಟ ಇಳಿಸಿದ ಬಿಳೀ ಸೀರಿ, ಕೆಂಪು ದಡಿದು.
ತಾಯವ್ವ ಕೊಟ್ಟಳು: "ಮಸಿ ಹತ್ತಿಸಬ್ಯಾಡ್ರಪಾ, ಗಿರಾಕಿದೈತಿ."
ಬೆಟಗೇರಿ ಶಾಲಿ ಗ್ವಾಡಿಗೆ ಅದನ್ನ ಬಿಗದು ಕಟ್ಟಿ
ಸರಕಾರಿ ಜೀಪಿನಾಂವ ಮಷಿನ್ ಹಚ್ಚಿದ.
ಮೊದಲು ಸಿಡುಬಿನ ಲಸಿಕೆ. ಮಂದಿ ಆಕಳಿಸಿತು.
ಆಮ್ಯಾಲ ಏಳು ಮಿನೀಟಿನ ಗೊಂಬಿ ರೀಲು.

ಕೋಣ!
ಕೋಟು ತೊಟ್ಟು, ಎರಡು ಕಾಲ ಮ್ಯಾಲ,
ಕೆಂಪು ದಡಿ ಹಿಡಿದು ನಡಕೋತ ಬಂತು.
ಎದುರಿಗೆ ಹಾಡಿನ ಮಹಲು. ಬಾಗಲಾಗ ಮೀಸಿ ಕಾವಲುಗಾರ.
ಒದ್ದು ಹೊರಗ ಹಾಕಿದ.
ಕೋಣ ನಗಾರಿ ಒಳಗ ಹೊಕ್ಕೊಂಡು ಬಂತು. ಬಡದ್ರು.
ಕಂಬ ಆಗಿ ನಿಂತಿತು. ಬಾಲ ತಾಳ ಹಾಕಿ ಸಿಕ್ಕಿಬಿತ್ತು.

ಸೌಂಡಿನ ಡಬ್ಬಿ ಮಾತ್ರ ಹಾದ್ಯಾಗ ಸುಟ್ಟಿತ್ತು.
ಮೂಕ ಕೋಣ, ಮೂಕ ಪಿಟೀಲು.
"ಏ ದಾವಲಸಾಬ, ಬಾರಿಸೋ!" ಅಂತ ಯಾರೋ ಒದರಿದರು.
ರಿಪೇರಿಗೆ ಬಂದ ಯಾರದೋ ಪೇಟಿ ಬಗಲಾಗಿತ್ತು,
ಒಂದು ಕರೀ ಮನಿ ಹಿಡದಿತ್ತು,
ಆದರೂ ಭಾತಿ ಒತ್ತಿದ.
ಕೋಣ ಓಡಿದ್ರ ದ್ರುತ್, ಬಿದ್ರ ಧಡ್ ಅಂತ ಎರಡೂ ಅಂಗೈ.
ಮಂದಿ ಹೊಟ್ಟಿ ಹಿಡಕೊಂಡಿತು.

ಕಡೀಕ ಕೋಣ ವೇದಿಕಿ ಹತ್ತಿತು.
ಬಾಯಿ ತಗೀತು, ಸೀರಿ ಅರ್ಧ ಬಾಯೇ ಆತು.
ದಾವಲಸಾಬ ಕೈ ಎತ್ತಿಬಿಟ್ಟ.
ಕೋಣ ಹಾಡೂದಕ್ಕ ಏನು ಬಾರಸ್ಬೇಕು?

ಆ ಖಾಲಿ ಜಾಗಾದಾಗ
ಶಾಲಿ ಹಿಂದಿನ ಗೊಂತಿನಿಂದ ತಾಯವ್ವನ ಎಮ್ಮಿ
ಉದ್ದಕ ಒಂದ ಉಸರಿನ್ಯಾಗ ಒದರಿತು.

ಉಳ್ಳಾಡಿ ಉಳ್ಳಾಡಿ ನಕ್ಕಿವಿ.
"ಕೋಣನ ಮುಂದ ಕಿನ್ನರಿ" ಅಂತ ದಿನಾ ನನ್ನ ತಲಿಗೆ ಕುಟ್ಟೋ
ಸಂಗೀತದ ಹುಚ್ಚಯ್ಯ ಮಾಸ್ತರರೂ ನಕ್ಕರು,
ನಕ್ಕು, ನನ್ನ ಕಡೆ ನೋಡಿ, ಸುಮ್ಮನಾದರು.
ದಾವಲಸಾಬ ನಗಲಿಲ್ಲ.
ಒಂದ ಬಟ್ಟಿಲೆ ಮೆಲ್ಲಕ ಮನಿ ಹುಡುಕಿದ,
ಇದಲ್ಲ, ಇದೂ ಅಲ್ಲ.
ಹಿಡಕೊಂಡ ಕರೀ ಮನಿ ಮ್ಯಾಲ ನಿಂತ ಬೆರಳು.

ರೀಲು ಮುಗೀತು. ಸೀರಿ ಬಿಚ್ಚಿದ್ರು. ಮಸಿ ಹತ್ತಿರಲಿಲ್ಲ.
ಖರೇ ಅಂದ್ರ ತಾಯವ್ವ ಅದನ್ನ ಗಿರಾಕಿಗೆ ಕೊಡಲೇ ಇಲ್ಲ,
"ಎಮ್ಮಿ ಕಚೇರಿ ಸೀರಿ" ಅಂತ ತಾನ ಉಟ್ಟಳು.

ಮರುದಿನ ಹಾಲಿಗೆ ಹೋದೆ.
ಗೊಂತಿನ ಬಾಜೂಕ, ಸಗಣಿ ತಪ್ಪಿಸಿ ಚಾಪಿ ಹಾಸಿ
ದಾವಲಸಾಬ ಕುಂತಿದ್ದ,
ಪೇಟಿ ಬಿಚ್ಚಿ, ಹಿತ್ತಾಳಿ ಪತ್ತಿ ಕೈಯಾಗ, ಸಣ್ಣ ಅರ.
"ಶ್!" ಅಂದ ನನಗ.
ಎಮ್ಮಿ ಮೆಲಕ ಹಾಕ್ತಿತ್ತು.
ಇಬ್ಬರೂ ಕಾದ್ವಿ.