ಪೊರಕೆ: ನಾಲ್ಕನೇ ಮಹಡಿ

ನಾನು ತ್ರಿಕೋನ ಬಾರಿಸುವವನು. ಕಬ್ಬಿಣದ ಸಲಾಕೆ,
ಎರಡು ಕಡೆ ಮಣಿದು ಮೂರನೆಯ ಮೂಲೆಯಲ್ಲಿ ಕೂಡದೆ ಉಳಿದದ್ದು.
ಇಪ್ಪತ್ತೆರಡು ವರ್ಷ ಲಿಂಡಾಲ್ವಾಳ ಎಡಕ್ಕೆ ನಿಂತವನು,
ಪೋಸ್ಟರುಗಳಲ್ಲಿ ಅರ್ಧ ಮೊಣಕೈಯಾಗಿ ಕಾಣಿಸುವವನು.
ಮುಷ್ಟಿ ಮುಚ್ಚಿದರೆ ಟಕ್, ತೆರೆದರೆ ಟಿಂಗ್.
ನನ್ನ ವಿದ್ಯೆ ಅಷ್ಟೇ.

ಅವಳು ಹುಟ್ಟಿದ ಕಡೆ, ಪೆರ್ನಾಂಬುಕೊದ ಒಣನಾಡಿನಲ್ಲಿ,
ಹೊಸ ಮನೆಗೆ ನೆಲ ಹಾಕುವುದೆಂದರೆ
ಊರನ್ನೇ ಕರೆದು ಕುಣಿಸುವುದು.
ಹಸಿ ಜೇಡಿಮಣ್ಣು, ಮರದ ಚಪ್ಪಲಿ, ರಾತ್ರಿಯಿಡೀ ಕೋಕೊ.
ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಹಿಡಿದು
ತುಳಿದು ತುಳಿದು,
ಬೆಳಗಾಗುವಾಗ ನೆಲ ಗಟ್ಟಿ, ಗಂಟಲು ಪುಡಿ.
"ನನ್ನನ್ನ ಸೊಂಟಕ್ಕೆ ಕಟ್ಟಿಕೊಂಡೇ ಅಮ್ಮ ಹದಿಮೂರು ಮನೆ ತುಳಿದಳು"
ಅನ್ನುತ್ತಿದ್ದಳು ಲಿಂಡಾಲ್ವಾ. ಸಂದರ್ಶನದಿಂದ ಸಂದರ್ಶನಕ್ಕೆ
ಮನೆಗಳ ಲೆಕ್ಕ ಏರುತ್ತಾ ಹೋಯಿತು. ಕೊನೆಗೆ ಕೇಳಿದಾಗ ನಲವತ್ತು.

ಸಾವೊ ಪಾಲೊಗೆ ಮೂರು ದಿನದ ಬಸ್ಸು.
ಮೊದಲ ಕ್ಯಾಸೆಟ್ಟು ನಾವೇ ಮಾರಿದ್ದು, ನಿಲ್ದಾಣದ ಹೊರಗೆ,
ಬೇಯಿಸಿದ ಜೋಳದವನ ಪಕ್ಕ.
ಅವನದು ಖಾಲಿಯಾಗುತ್ತಿತ್ತು.

ಆಮೇಲೆ ಸಿಕ್ಕಿದ ಬಿಳಿ ಷೂಗಳ ವಾಂಡರ್ಲಿನೊ
ಯಂತ್ರದ ಡ್ರಮ್ಮು ತಂದಿಟ್ಟ. ಗಿಟಾರಿಗೆ ಕರೆಂಟು ಕೊಟ್ಟ.
ಪರದೆಯ ಮೇಲೆ ಅವಳ ಹಾಡಿಗೆ ಗೆರೆ ಎಳೆದು ತೋರಿಸಿದ:
"ನೋಡು, ಪ್ರತಿ ಪೆಟ್ಟೂ ಕೂದಲೆಳೆಯಷ್ಟು ತಡ.
ಗೆರೆಗೆ ಕೂರಿಸಿಬಿಡೋಣ."
ಕೂರಿಸಿದ. ಕೇಳಿದೆವು. ಎಲ್ಲ ಸರಿಯಾಗಿತ್ತು,
ಹೆಣಕ್ಕೆ ತೊಡಿಸಿದ ಇಸ್ತ್ರಿ ಅಂಗಿಯ ಹಾಗೆ.
"ಆ ತಡ ತಪ್ಪಲ್ಲ ಮಾರಾಯ," ಅಂದಳು,
"ಹಸಿ ಮಣ್ಣಿಂದ ಕಾಲು ಕೀಳೋದಕ್ಕೆ ಹಿಡಿಯೋ ಹೊತ್ತು."

ಐದನೇ ಮಹಡಿಯ ಬಾಡಿಗೆ ಕೋಣೆಯಲ್ಲಿ ಹಲಗೆ ಹಾಸಿ,
ಮೈಕನ್ನು ಹಿಮ್ಮಡಿಗೆ ಬಗ್ಗಿಸಿ,
ರಾತ್ರಿ ಹನ್ನೊಂದಕ್ಕೆ ತುಳಿಯತೊಡಗಿದಳು.
ಕೆಳಗಿನಿಂದ ಪೊರಕೆಯ ಹಿಡಿ ಬಡಿಯಿತು.
ಯಾರದೋ ಸೂರಿಗೆ, ನಮ್ಮ ನೆಲಕ್ಕೆ. ಢಬ್.
ನಾವು ನಿಲ್ಲಿಸಲಿಲ್ಲ. ಢಬ್. ಢಬ್. ಸಿಟ್ಟಿನ ಪೆಟ್ಟು.
ನಾಲ್ಕನೆಯದೋ ಐದನೆಯದೋ, ಎಲ್ಲಿ ತಿರುಗಿತೋ ತಿಳಿಯದು,
ಪೊರಕೆ ಸಿಟ್ಟು ಮರೆತು
ಅವಳೆರಡು ಹೆಜ್ಜೆಯ ನಡುವಿನ ಖಾಲಿಗೇ ಬಂದು ಬಿತ್ತು,
ಕೂದಲೆಳೆಯಷ್ಟು ತಡವಾಗಿ.
ವಾಂಡರ್ಲಿನೊನ ಬೆರಳು ಗುಂಡಿಯ ಮೇಲೇ ಇತ್ತು. ಒತ್ತಲಿಲ್ಲ.

ಒಟೀಲಿಯಾ. ಪರಾಯ್ಬಾದವಳು.
ಹದಿನಾಲ್ಕಕ್ಕೆ ಬಂದು ಐವತ್ತು ವರ್ಷ
ಬೇರೆಯವರ ನೆಲ ಒರೆಸಿದವಳು.
ಬಾಗಿಲು ತೆರೆದು "ಪೊಲೀಸರನ್ನ ಕರೀತೀನಿ" ಅಂದಳು. ಆಮೇಲೆ,
"ಎರಡನೇ ಸಾಲಲ್ಲಿ ಉಸಿರು ತಪ್ಪು ಜಾಗದಲ್ಲಿ ತಗೋತೀಯ."
ಆಲ್ಬಮ್ಮಿನ ಹೊದಿಕೆಯಲ್ಲಿ ನನ್ನ ಹೆಸರಿನ ಕೆಳಗೇ ಅಚ್ಚಾಯಿತು:
ಪೊರಕೆ, ಒಟೀಲಿಯಾ, ನಾಲ್ಕನೇ ಮಹಡಿ.

ಹಾಡು ಓಡಿತು. ಧಾರಾವಾಹಿಯ ನಾಯಕಿ ಅಳುವಾಗ,
ಫ್ರಿಜ್ಜಿನ ಜಾಹೀರಾತಿನಲ್ಲಿ, ಲಿಸ್ಬನ್ನಿನ ಬಯಲಿನಲ್ಲಿ.
ಸಾವಿರ ಜನ ಅಲ್ಲಿ ತುಳಿದರು, ಸಿಮೆಂಟನ್ನು,
ಅದು ಮೊದಲೇ ಗಟ್ಟಿಯಾಗಿದ್ದದ್ದು.
"ಮಾರಿಕೊಂಡಳು" ಅಂತ ಊರ ಪತ್ರಿಕೆ,
"ಇನ್ನೂ ಹಳ್ಳಿಯ ವಾಸನೆ" ಅಂತ ನಗರದ್ದು.
ಎರಡನ್ನೂ ಕತ್ತರಿಸಿ ಒಂದೇ ಡಬ್ಬಿಯಲ್ಲಿಟ್ಟಳು, ಸೂಜಿ ದಾರದ ಜೊತೆ.
ಮೂರನೆಯ ಆಲ್ಬಮ್ಮು ನೆಲಕಚ್ಚಿತು.
ನಾಲ್ಕನೆಯದನ್ನು ಯಾರೂ ಕೇಳಲಿಲ್ಲ. ನನಗೆ ಅದೇ ಇಷ್ಟ.

ಒಟೀಲಿಯಾ ಹೋದಮೇಲೆ, ಪೊರಕೆಯ ಪಾಲಿನ ಹಣಕ್ಕೆ
ಇಬ್ಬರು ಸೋದರಳಿಯರು ಕೋರ್ಟು ಹತ್ತಿದ್ದಾರೆ.
ಲಿಂಡಾಲ್ವಾ ಈಗಲೂ ಆ ಹಾಡು ಹಾಡುತ್ತಾಳೆ,
ಮೇಲಿನ ಸ್ವರ ಎಟುಕದೆ ಶ್ರುತಿ ಎರಡು ಮನೆ ಇಳಿಸಿ.
(ನಲವತ್ತರಲ್ಲಿ ಎರಡು ಹೋದರೂ ಲೆಕ್ಕಕ್ಕಿಲ್ಲ, ಅಂತ ನಾನು ರೇಗಿಸುತ್ತೇನೆ.)
ಪೊರಕೆಯ ಜಾಗ ಬಂದಾಗ ಎಲ್ಲರೂ ನಿಲ್ಲುತ್ತೇವೆ,
ಯಂತ್ರಕ್ಕೂ ಹಾಗೇ ಹೇಳಿಟ್ಟಿದ್ದೇವೆ.
ನಾನು ಮುಷ್ಟಿ ಮುಚ್ಚಿ ಕಬ್ಬಿಣದ ಬಾಯಿ ಅದುಮಿ ಹಿಡಿಯುತ್ತೇನೆ.

ಮೊನ್ನೆ ಗರಾನ್ಯುನ್ಸಿನ ಚಳಿಯಲ್ಲಿ, ಸರಿಯಾಗಿ ಅಲ್ಲಿ,
ಹಿಂದಿನ ಸಾಲಿನ ಯಾರೋ ಹೆಂಗಸು ಕೆಮ್ಮಿದಳು.
ಲಿಂಡಾಲ್ವಾ ನನ್ನತ್ತ ತಿರುಗಿ ಹುಬ್ಬೇರಿಸಿದಳು:
ಇವಳಿಗೂ ಪಾಲು ಕೊಡಬೇಕೇನೋ.