ಏನಾಗಬೇಕು

ಇಪ್ಪತ್ತು ವರ್ಷ ಊರಿನವರ ಅರ್ಜಿ ತುಂಬಿದ ಕೈ ಇದು.
ಕೋಡಿಬಾಗದ ತಿರುವಿನಲ್ಲಿ ನನ್ನ ಝೆರಾಕ್ಸ್ ಅಂಗಡಿ.
ಪಡಿತರ ಚೀಟಿ, ದೋಣಿ ಲೈಸೆನ್ಸು,
ಹಡಗಿಗೆ ಹೋಗುವ ಹುಡುಗರ ಪಾಸ್‌ಪೋರ್ಟು,
ಸತ್ತವರು ಸತ್ತದ್ದು ಹೌದೆಂಬ ಪತ್ರ,
ಎಲ್ಲವನ್ನೂ ಒಂದಕ್ಷರ ತಪ್ಪದೆ ಬಡಿದಿದ್ದೇನೆ.
ಇವತ್ತು ಶಟರು ಅರ್ಧ ಇಳಿಸಿ
ನಿನ್ನ ಅರ್ಜಿಗೆ ಕೂತರೆ
ಬೆರಳಿಗೆ ಕೀಲಿಯೇ ಸಿಗುತ್ತಿಲ್ಲ.

ಹೆಸರು: ಗೋಚಾ.
ಐಸ್ ಫ್ಯಾಕ್ಟರಿಯ ಗುಲಾಬಿಬಾಯಿಗೆ ಎರಡು ಸಲ ಹೇಳಿದೆ,
ಎರಡು ಸಲವೂ ಗೋವಾ ಎಂದೇ ಕೇಳಿಸಿಕೊಂಡಳು.
"ಗೋವಾದಿಂದ ಬರೂಕೆ ಎಂಥ ವೀಸಾನೇ ಶೇವಂತಿ,
ಮಾಜಾಳಿ ಗೇಟು ದಾಟಿದ್ರೆ ಬಂತು."

ತಂದೆ ಹುಟ್ಟಿದ ದೇಶ.
ನೀನು ಹೇಳಿದ್ದು ಪಟ್ಟಿಯಲ್ಲಿಲ್ಲ.
ಆಗ ಇತ್ತು, ಈಗ ಇಲ್ಲ, ಅಂದೆ ನೀನು ಮುರುಕು ಇಂಗ್ಲಿಷಿನಲ್ಲಿ.
ಇನ್ನೂ ಮುರುಕಾದ ನನ್ನದರಲ್ಲಿ ನಾನಂದೆ,
ಅರ್ಗಾದ ನಮ್ಮ ಮನೆಯೂ ಹಾಗೇ,
ನೌಕಾನೆಲೆಯ ಗೋಡೆಯೊಳಗೆ ಎಲ್ಲೋ.
ಬಾವಿಕಟ್ಟೆ ಉಳಿದಿದೆಯೋ ಇಲ್ಲವೋ
ನೋಡಿಬರಲು ನನಗೂ ಪಾಸು ಬೇಕು.
ಸ್ವಲ್ಪ ಹೊತ್ತು ಸುಮ್ಮನಿದ್ದೆ ನೀನು.
ನಿನ್ನ ಕಡೆ ಯಾರೋ ಪಾತ್ರೆ ತೊಳೆಯುತ್ತಿದ್ದರು.

ಕಾಣುವ ಗುರುತು:
ಎಡ ಹೆಬ್ಬೆರಳ ಬುಡದಲ್ಲಿ ಸುಟ್ಟ ಕಲೆ.
ಡಾಂಬರಿನ ಹಡಗಿನಲ್ಲಿ ಆದದ್ದು.
ಅದಕ್ಕೇ ಅಲ್ಲವೆ, ಮೆಡಿಕಲ್ ಅಂಗಡಿಯೆಂದು ತಿಳಿದು
ಬರ್ನಾಲ್ ಕೇಳುತ್ತ ಮೊದಲ ಸಲ ನೀನು ಒಳಬಂದದ್ದು?
ಹಡಗು ಬಂದರಿನಲ್ಲಿ ನಿಂತ ಒಂಬತ್ತು ದಿನ
ದಿನಕ್ಕೊಂದು ಕಾಗದ ಝೆರಾಕ್ಸ್ ಮಾಡಿಸಿದೆ.
ಕೊನೆಗೆ ಕಾಗದ ಮುಗಿದು
ಬಿಸ್ಕತ್ತಿನ ಪೊಟ್ಟಣ ಬಿಡಿಸಿ ತಂದೆ.
ಆಮೇಲೆ ಇನ್ನೂ ಮೂರು ಸಲ ಬಂತು ನಿನ್ನ ಹಡಗು.
ಬೇರೆ ಗುರುತುಗಳೂ ನನಗೆ ಗೊತ್ತು. ಅವಕ್ಕೆ ಕಾಲಮ್ಮಿಲ್ಲ.

ಹಡಗಿನವನಾಗಿ ಬಂದಾಗ ಒಂದು ಚೀಟಿ ಸಾಕಿತ್ತು.
ಮೊಣಕಾಲು ಕೆಟ್ಟು, ಕೆಲಸ ಬಿಟ್ಟು,
ಬರೀ ನೀನಾಗಿ ಬರುವುದಕ್ಕೆ ಇಷ್ಟೆಲ್ಲ ಪುಟ.

ಫೋಟೋ ಎರಡು ಸಲ ವಾಪಸ್ಸು.
ಒಂದರಲ್ಲಿ ಹಿಂದೆ ನೆರಳು, ಇನ್ನೊಂದರಲ್ಲಿ ನಗು.
ನಗಬೇಡ ಎಂದು ನಾನೇ ಬರೆಯಬೇಕಾಯಿತು.
ಮೂರನೆಯದರಲ್ಲಿ ತಲೆಮರೆಸಿಕೊಂಡವನ ಹಾಗಿದ್ದೆ,
ತಕ್ಷಣ ಒಪ್ಪಿಕೊಂಡಿತು.

ಬರುವ ಉದ್ದೇಶ.
ಗೋಕರ್ಣಕ್ಕೆ ಬರುವವರೆಲ್ಲ ಯೋಗ ಒತ್ತುತ್ತಾರೆ.
ನಿನ್ನ ಮೊಣಕಾಲು ನೆನೆದು ನಕ್ಕೆ,
ವಿಹಾರ ಒತ್ತಿದೆ.
ಹಣ ಕಟ್ಟುವಾಗ ಸುತ್ತಿತು, ಸುತ್ತಿತು,
ಖಾತೆಯಿಂದ ಹೋಯಿತು, ಅಲ್ಲಿ ಮುಟ್ಟಲಿಲ್ಲ.
ಎರಡನೇ ಸಲ ಕಟ್ಟಿದೆ. ಬಾಯಿಬಿಟ್ಟು ಬೈದೆ,
ಗಿರಾಕಿಗಳ ಹಣವಾದರೆ ಮನಸ್ಸಿನಲ್ಲಿ ಬೈಯುತ್ತೇನೆ.

ಪರದೇಶದವರು ಮನೆಯಲ್ಲಿ ಉಳಿದರೆ ತಿಳಿಸಬೇಕಂತೆ,
ಮೊದಲೇ ಕೇಳಿಬರೋಣವೆಂದು ಠಾಣೆಗೆ ಹೋದೆ.
ನಾಗೇಕರನ ವರ್ಗಾವಣೆ ಅರ್ಜಿ
ಟೈಪು ಮಾಡಿಕೊಟ್ಟವಳು ನಾನೇ.
ಪೆನ್ನಿನ ಮುಚ್ಚಳ ತೆಗೆದು ಕೇಳಿದ:
"ಅವರು ನಿಮಗೆ ಏನಾಗಬೇಕು?"

ಕನ್ನಡ ನೋಡು ಗೋಚಾ, ಎಂಥ ಮಾತು.
ಏನಾಗಿದ್ದಾರೆ ಎನ್ನುವುದಿಲ್ಲ, ಏನಾಗಬೇಕು ಎನ್ನುತ್ತದೆ,
ಬೇಕಾದ್ದನ್ನು ನಾವೇ ಆರಿಸಬಹುದು ಎಂಬ ಹಾಗೆ.
ಮಾವ, ಭಾವ, ದೊಡ್ಡಪ್ಪನ ಮಗ
ನಾಲಗೆ ತುದಿಯವರೆಗೆ ಬಂದು ವಾಪಸ್ಸಾದರು.
ನಲವತ್ತಾರು ನನಗೆ.
ಫ್ಯಾನು ತಿರುಗುತ್ತಿತ್ತು, ರಿಜಿಸ್ಟರಿನ ಹಾಳೆ ಏಳುತ್ತಿತ್ತು.
"ಗಿರಾಕಿ," ಅಂದೆ.
ಅವನು ಬರೆದುಕೊಂಡ.

ನಾಲ್ಕನೆಯ ದಿನ ಬಂತು. ಮೂವತ್ತು ದಿನದ್ದು.
ಅಭ್ಯಾಸಬಲ, ಎರಡು ಪ್ರತಿ ತೆಗೆದು
ಒಂದಕ್ಕೆ ಲ್ಯಾಮಿನೇಶನ್ ಮಾಡಿದೆ.
ಪರ್ಸಿನಿಂದ ಮೂವತ್ತು ರೂಪಾಯಿ ತೆಗೆದು
ಗಲ್ಲೆಗೆ ಹಾಕಿದೆ.
ಶಟರಿನ ಕೆಳಗೆ ಎರಡು ಚಪ್ಪಲಿ ಕಾಲು,
ಯಾರದೋ ಹುಡುಗ, ಜಾತಿ ಪ್ರಮಾಣಪತ್ರಕ್ಕೆ ಬಂದವನು.
"ಆಯ್ತಾ ಅಕ್ಕಾ ನಿಮ್ದು?"
"ಇನ್ನೂ ಆಗಬೇಕು," ಎಂದೆ.
"ನಿಂದು ಕೊಡು."