ಹಿಂದಿನ ಸೀಟು

ಎಲ್ ಆಲ್ತೋದಲ್ಲಿ ಬೆಳಗಿನ ಐದಕ್ಕೆ
ಚಳಿಗೆ ಬಾಯಿ ತುಂಬ ಹಲ್ಲು.
ನನ್ನ ಮಗಳಿಗೆ ಇನ್ನೂ ಎರಡೇ.

ಬಗ್ಗು, ಅಂದಿದ್ದಳು ಅತ್ತೆ ಸತುರ್ನಿನಾ ಮೊದಲ ದಿನ,
ಇನ್ನೂ ಬಗ್ಗು, ಬೆನ್ನು ಮೇಜಾಗಬೇಕು,
ಮೇಲಿಟ್ಟ ಬಟ್ಟಲಿನ ನೀರು ಅಲುಗಬಾರದು.
ಮಗುವನ್ನು ಕವುಚಿ ಮಲಗಿಸಿ
ಅವಾಯೋ ಹೊದಿಸಿದಳು. ಕೆಂಪು ಪಟ್ಟೆ, ಗುಲಾಬಿ ಪಟ್ಟೆ,
ನಡುವೆ ಹೆಸರಿಲ್ಲದೊಂದು ಹಸಿರು.
ಒಂದು ತುದಿ ಹೆಗಲ ಮೇಲಿಂದ,
ಇನ್ನೊಂದು ಕಂಕುಳ ಕೆಳಗಿಂದ, ಎದೆಯ ಮೇಲೆ ಗಂಟು.
ಒಂದು ಸಲ ಕುಪ್ಪಳಿಸು, ಅಂದಳು. ಕುಪ್ಪಳಿಸಿದೆ.
ವಾರಾ ಕೂತುಬಿಟ್ಟಳು
ಚೀಲದ ತಳಕ್ಕೆ ಆಲೂಗಡ್ಡೆ ಇಳಿದ ಹಾಗೆ.

ಮಿನಿಬಸ್ಸು ಓಡಿಸುವವಳು ಬಸಿಲಿಯಾ.
ನಾನು ಬಾಗಿಲಿಗೆ ಜೋತುಬಿದ್ದು ಕೂಗುವವನು:
ಸೇಹಾ, ಸೇಹಾ, ಸೇಹಾ! ರಿಯೋ ಸೇಕೋ!
ಒಂದೂವರೆ, ಒಂದೂವರೆ!
ಸ್ಟ್ಯಾಂಡಿನ ಗಂಡಸರು ಸುಮ್ಮನಿರುತ್ತಾರೆಯೇ?
ಏನಪ್ಪ ಫಾವುಸ್ತೋ, ಹಾಲು ಯಾವಾಗ ಬರುತ್ತೆ?
ಬಂದರೆ ಮೊದಲ ಲೋಟ ನಿನಗೇ, ಅನ್ನುತ್ತೇನೆ.

ಬೆನ್ನಿಡೀ ಬೆಚ್ಚಗೆ. ಎದೆ ಮಾತ್ರ
ಇಲಿಮಾನಿ ಬೆಟ್ಟದ ಗಾಳಿಗೆ.
ಕೂಗುವಾಗ ಪಕ್ಕೆಲುಬು ಹಿಗ್ಗುತ್ತದಲ್ಲ,
ಅವಳು ಅದರ ಮೇಲೆ ಏರಿ ಇಳಿಯುತ್ತಾಳೆ.
ನಿದ್ದೆಯೇನೋ ಅಂದುಕೊಳ್ಳುತ್ತೇನೆ.
ನನಗೇನು ಗೊತ್ತು, ಹೊತ್ತವನಿಗೆ ಮುಖ ಕಾಣುವುದಿಲ್ಲ.
ಬಸಿಲಿಯಾಳಿಗೆ ಕಾಣುತ್ತದೆ, ತಲೆಯ ಮೇಲಿನ ಕನ್ನಡಿಯಲ್ಲಿ.
ಟೋಪಿ ಜಾರಿದೆ, ಅನ್ನುತ್ತಾಳೆ ಗೇರು ಬದಲಿಸುತ್ತ.
ಮೂಗು ಒರೆಸು.
ನಗ್ತಿದ್ದಾಳೆ ನೋಡು.
ನೋಡು ಅಂದರೆ ಹೇಗೆ ನೋಡಲಿ?

ಅತ್ತೆಯ ಆಯ್ಮಾರಾ ಮಾತಿನಲ್ಲಿ
ಆಗಿಹೋದದ್ದು ಕಣ್ಣ ಮುಂದೆ, ಕಂಡದ್ದಲ್ಲವೇ ಅದು.
ನಾಳೆ ಇರುವುದು ಬೆನ್ನ ಹಿಂದೆ.
ಶಾಲೆಯ ಸ್ಪ್ಯಾನಿಷಿನಲ್ಲಿ ಇದೇ ತಿರುವುಮುರುವು.
ಎರಡರ ನಡುವೆ ಬೆಳೆದ ನನಗೆ
ಹಿಂದು ಯಾವುದು ಮುಂದು ಯಾವುದು
ಯಾರೂ ಕೂರಿಸಿ ಹೇಳಿರಲಿಲ್ಲ.
ಈಗ ತೂಕದಲ್ಲಿ ಗೊತ್ತಾಗುತ್ತಿದೆ:
ಎಂಟು ಕಿಲೋ, ಒದ್ದೆ ಬಟ್ಟೆ ಸೇರಿ ಎಂಟೂಕಾಲು,
ಉಸಿರಾಡುತ್ತ, ಕೂದಲು ಎಳೆಯುತ್ತ,
ನಾನು ತಿನ್ನುವ ಬ್ರೆಡ್ಡಿಗೆ ಹಿಂದಿನಿಂದ ಕೈ ಚಾಚುತ್ತ.

ಮೊನ್ನೆ ಸೋಮವಾರ ಮೊದಲ ಮಾತು.
ಅಮ್ಮ ಅಲ್ಲ, ಅಪ್ಪ ಅಲ್ಲ.
ನನ್ನ ಕಿವಿಯ ಬುಡದಲ್ಲೇ: ಸೇಹಾ!
ಬಸ್ಸಿಗೆ ಬಸ್ಸೇ ನಕ್ಕಿತು.
ಆ ಕೂಗು ನಂಬಿ ಓಡಿಬಂದು ಹತ್ತಿದ ಮುದುಕಿ
ಎಂಟಾಣೆ ನನ್ನ ಕೈಗಿಟ್ಟು
ಕರೆದವಳಿಗೂ ಕೊಡಬೇಕಲ್ಲ ಎಂದು
ದೊಡ್ಡ ನಾಣ್ಯ ಆ ಪುಟ್ಟ ಮುಷ್ಟಿಗೆ ಹಾಕಿದ್ದಾಳೆ.
ನನಗೆ ಗೊತ್ತಿಲ್ಲ.
ನಾನು ಹೊರಗೆ ವಾಲಿ ಊರುಗಳ ಹೆಸರು ಹೇಳುತ್ತಿದ್ದೇನೆ.

ಆಮೇಲೆ ಎಲ್ಲರೂ ಕಿರುಚಿದರು: ಬಾಯಿ! ಬಾಯಿ!
ಕನ್ನಡಿಯಲ್ಲಿ ಬಸಿಲಿಯಾಳ ಕಣ್ಣು. ಬ್ರೇಕು.
ಉರುಳಿದ ಎಲೆಕೋಸುಗಳ ನಡುವೆ
ನಾನು ಗಿರಗಿರ ತಿರುಗುತ್ತಿದ್ದೇನೆ
ಬಾಲ ಹಿಡಿಯಹೊರಟ ನಾಯಿಯಂತೆ.
ಎಷ್ಟು ತಿರುಗಿದರೂ ಅವಳು ನನ್ನ ಹಿಂದೆಯೇ.
ಯಾರದೋ ಬೆರಳು
(ಯಾರದೆಂದು ಈವತ್ತಿಗೂ ಗೊತ್ತಿಲ್ಲ)
ಒಳಗೆ ಹೋಗಿ ಹೊರಗೆ ಬಂತು.
ನನ್ನ ಕತ್ತಿನ ಮೇಲೆ ಬಿತ್ತು, ಬೆಚ್ಚಗೆ, ಜೊಲ್ಲಿನ ಸಮೇತ,
ಒಂದು ಬೊಲಿವಿಯಾನೋ.
ಅಂಗಿಯೊಳಗೆ ಜಾರಿ ಬೆನ್ನಹುರಿಗುಂಟ ಇಳಿಯಿತು.
ಆಗ ಅತ್ತಳು. ಅಷ್ಟು ಒಳ್ಳೆಯ ಅಳು
ನಾನು ಕೇಳಿಯೇ ಇರಲಿಲ್ಲ.

ರಾತ್ರಿ ಗಂಟು ಬಿಚ್ಚಿದಾಗ
ಬೆನ್ನಿಗೆ ಥಟ್ಟನೆ ಚಳಿ,
ಅವಳ ಆಕಾರದಷ್ಟೇ ಜಾಗಕ್ಕೆ.
ಬಸಿಲಿಯಾ ಚಿಲ್ಲರೆ ಎಣಿಸಿದಳು, ಎರಡು ಸಲ.
ಹತ್ತಿದ ತಲೆಗಳ ಲೆಕ್ಕ ಅವಳ ಕನ್ನಡಿಯಲ್ಲಿರುತ್ತದೆ.
ಒಂದೂವರೆ ಕಮ್ಮಿ.
ಗದ್ದಲದಲ್ಲಿ ಯಾರೋ ದುಡ್ಡು ಕೊಡದೆ ಇಳಿದಿದ್ದಾರೆ.
ಬೆರಳು ಹಾಕಿದವರೇ ಇರಬೇಕು, ಅಂದಳು.
ಬಟ್ಟೆ ಕೊಡವಿ
ನಾಳೆಗೆ ಮಡಚಿಟ್ಟಳು.